ತಾರೆಗೆ ಬೂ, ತಪ್ಪಿತಸ್ಥನಿಗೆ ಚಪ್ಪಾಳೆ: ಬೇಸ್‌ಬಾಲ್ ಗ್ಯಾಲರಿಯ ಲೆಕ್ಕವೇ ಬೇರೆ

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. 2025ರ ಮೇ ತಿಂಗಳಲ್ಲಿ ಆಫೀಸಿನವರ ಜೊತೆ ನ್ಯೂಯಾರ್ಕ್ ಯಾಂಕೀಸ್ ತಂಡದ ತವರಾದ ಯಾಂಕೀ ಸ್ಟೇಡಿಯಂಗೆ ಬೇಸ್‌ಬಾಲ್ ನೋಡಲು ಹೋಗಿದ್ದೆ. ಮೆಟ್ಸ್ ತಂಡದ ಹ್ವಾನ್ ಸೋಟೋ ಕಾಣಿಸಿಕೊಂಡಾಗಲೆಲ್ಲ ಜನ ಕಿವಿ ಗುಂಯ್‌ಗುಡುವಂತೆ ‘ಬೂ’ ಎಂದರು. ಹಿಂದಿನ ವರ್ಷ ಇದೇ ಜನ ಅವರನ್ನು ತಲೆಯ ಮೇಲೆ ಹೊತ್ತು ಕುಣಿದಿದ್ದರಂತೆ. ಸ್ವಲ್ಪ ಹೊತ್ತಿಗೆ ತಮ್ಮದೇ ತಂಡದವನು ಔಟಾದಾಗಲೂ ಬೂ. ಅದಾದ ಮೇಲೆ, ಅಂದು ಆ ಊರಿನಲ್ಲೇ ಇಲ್ಲದ, ಹ್ಯೂಸ್ಟನ್ ಆಸ್ಟ್ರೋಸ್ ತಂಡದ ಹೋಸೆ ಅಲ್ಟೂವೆ ಹೆಸರು ಹಿಡಿದು ಬೈಗುಳ! ಕ್ರಿಕೆಟ್ ನೋಡಿ ಬೆಳೆದ ನನಗೆ ಇದರ ತಲೆಬುಡ ತಿಳಿಯಲಿಲ್ಲ. ಹತ್ತು ವರ್ಷದ ಮಗನಿಗೆ ಅಲ್ಟೂವೆ ಎಂದರೆ ಪ್ರಾಣ, ಅವರ ಹೆಸರಿನ ಅಂಗಿ ಹಾಕಿಕೊಂಡೇ ಸ್ಟೇಡಿಯಂಗೆ ಬರುತ್ತೇನೆ ಎನ್ನುತ್ತಾನೆ. ಕರೆದುಕೊಂಡು ಹೋಗಬಹುದೇ? ಇಲ್ಲಿಯವರು ಯಾವ ತಪ್ಪಿಗೆ ಸಿಟ್ಟಾಗುತ್ತಾರೆ, ಯಾವುದನ್ನು ನುಂಗಿಕೊಳ್ಳುತ್ತಾರೆ?

ಉತ್ತರ: ಕರೆದುಕೊಂಡು ಹೋಗಬಹುದು, ಆ ಅಂಗಿ ಹಾಕಿಸಿಯೇ. ಆದರೆ ಸೀಟು ನೋಡಿ ತೆಗೆದುಕೊಳ್ಳಬೇಕು. ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ನೀವು ಕೇಳಿಸಿಕೊಂಡ ಮೂರು ಬೂಗಳ ಸದ್ದು ಒಂದೇ ಆದರೂ ಸೋಟೋಗೆ ಬಿದ್ದದ್ದು ಬಿಟ್ಟುಹೋದವನ ಮೇಲಿನ ಮುನಿಸು, ಸ್ವಂತ ತಂಡದವನಿಗೆ ಬಿದ್ದದ್ದು ಮನೆಯೊಳಗಿನ ಗದರಿಕೆ, ಅಲ್ಟೂವೆಗೆ ಬಿದ್ದದ್ದು ಶಿಕ್ಷೆ. ಇವನ್ನು ಬೇರೆ ಮಾಡಿ ನೋಡಿದರೆ ಇನ್ನೊಂದು ಸಂಗತಿಯೂ ಕಾಣುತ್ತದೆ. ತಪ್ಪು ಎಷ್ಟು ದೊಡ್ಡದು ಎಂದು ಗ್ಯಾಲರಿ ಅಳೆಯುವುದು ಕಡಿಮೆ. ಅದರಿಂದ ಮೋಸಹೋದದ್ದು ನಾವಾ, ಬೇರೆಯವರಾ ಎಂಬುದೇ ಅಲ್ಲಿ ಮುಖ್ಯ.

ಸೋಟೋ ವಿಷಯ ಸುಲಭ. ಅವರು ಯಾಂಕೀಸ್‌ಗೆ ಆಡಿದ್ದು 2024ರ ಒಂದೇ ಸೀಸನ್. 41 ಹೋಮ್ ರನ್ (ನಮ್ಮ ಸಿಕ್ಸರ್‌ನಂತೆ ಗೋಡೆ ದಾಟುವ ಹೊಡೆತ) ಬಾರಿಸಿದರು. ಆ ಅಕ್ಟೋಬರ್ 19ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ಹತ್ತನೇ ಇನಿಂಗ್ಸ್‌ನಲ್ಲಿ ಹೊಡೆದ ಮೂರು ರನ್ನಿನ ಹೋಮ್ ರನ್‌ನಿಂದ ತಂಡ 15 ವರ್ಷಗಳ ನಂತರ ವರ್ಲ್ಡ್ ಸೀರೀಸ್ ಎಂಬ ಅಂತಿಮ ಸರಣಿ ತಲುಪಿತು. ಡಿಸೆಂಬರ್‌ನಲ್ಲಿ ಅದೇ ಊರಿನ ಎದುರಾಳಿ ಮೆಟ್ಸ್ ಜೊತೆ 15 ವರ್ಷಕ್ಕೆ 76.5 ಕೋಟಿ ಡಾಲರ್ ಒಪ್ಪಂದ. ಬೇರೆ ಊರಿಗೆ ಹೋಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಎದುರುಮನೆಗೆ ಹೋದದ್ದೇ ಅವರ ಅಪರಾಧ.

ನೀವು ಗಮನಿಸಿದಿರೋ ಇಲ್ಲವೋ, ಆ ಮುನಿಸಿಗೂ ಒಂದು ವಿಧಿಯಿದೆ. ಮೊದಲ ಇನಿಂಗ್ಸ್ ಶುರುವಾದ ಕೂಡಲೇ ರೈಟ್ ಫೀಲ್ಡ್ (ಮೈದಾನದ ಬಲ ಹೊರಭಾಗ) ಹಿಂದಿನ ಬ್ಲೀಚರ್ ಎಂಬ ಅಗ್ಗದ ಬೆಂಚುಗಳಲ್ಲಿ, 203ನೇ ಸೆಕ್ಷನ್‌ನವರು, ಮೈದಾನದಲ್ಲಿರುವ ಯಾಂಕೀಸ್ ಆಟಗಾರರ ಹಾಜರಿ ಕರೆಯುತ್ತಾರೆ. ‘ರೋಲ್ ಕಾಲ್’ ಎಂದೇ ಅದರ ಹೆಸರು. ಒಬ್ಬೊಬ್ಬರ ಹೆಸರನ್ನೂ ಚಪ್ಪಾಳೆಯ ತಾಳಕ್ಕೆ ಕೂಗುತ್ತಾರೆ, ಆತ ತಿರುಗಿ ಕೈ ಎತ್ತುವವರೆಗೆ ಬಿಡುವುದಿಲ್ಲ. ಚೆಂಡೆಸೆಯುವ ಪಿಚರ್ ಮತ್ತು ಅದನ್ನು ಹಿಡಿಯುವ ಕ್ಯಾಚರ್‌ಗೆ ಮಾತ್ರ ವಿನಾಯಿತಿ, ಏಕೆಂದರೆ ಅವರ ಗಮನ ಚೆಂಡಿನ ಮೇಲಿರಬೇಕು. 2024ರಲ್ಲಿ ರೈಟ್ ಫೀಲ್ಡ್‌ನಲ್ಲಿ ನಿಂತು ಈ ಹಾಜರಿಗೆ ಓಗೊಡುತ್ತಿದ್ದವರು ಇದೇ ಸೋಟೋ. 2025ರ ಮೇ 16ರಂದು ಅವರು ಮೆಟ್ಸ್ ಅಂಗಿಯಲ್ಲಿ ಅದೇ ಜಾಗಕ್ಕೆ ಬಂದಾಗ ಬ್ಲೀಚರ್‌ನವರು ಬೆನ್ನು ತಿರುಗಿಸಿ ನಿಂತರು. ಬ್ಯಾಟ್ ಹಿಡಿದು ಬಂದ ಸೋಟೋ ಹೆಲ್ಮೆಟ್ ಎತ್ತಿ ವಂದಿಸಿದರು. ಬಿಟ್ಟುಹೋದವನು ಹೇಗೆ ನಡೆದುಕೊಳ್ಳಬೇಕೋ ಹಾಗೆ ನಡೆದುಕೊಂಡರು ಅನ್ನಿ. ನಮಗೆ ಇದು ಹೊಸದೇನಲ್ಲ. 2024ರ ಐಪಿಎಲ್‌ನಲ್ಲಿ ಗುಜರಾತ್‌ನಿಂದ ಮರಳಿ ಬಂದು ನಾಯಕರಾದ ಹಾರ್ದಿಕ್ ಪಾಂಡ್ಯಗೆ ವಾಂಖೆಡೆಯಲ್ಲೇ ಬೂ ಬಿತ್ತು. ಜುಲೈ 4ರಂದು ಟಿ20 ವಿಶ್ವಕಪ್ ಹಿಡಿದು ಬಂದಾಗ ಅದೇ ವಾಂಖೆಡೆ ಅವರ ಹೆಸರು ಕೂಗಿತು. ಈ ಬಗೆಯ ಸಿಟ್ಟಿಗೆ ಆಯಸ್ಸು ಕಡಿಮೆ, ಒಂದು ಕಪ್ ಸಾಕು.

ಸ್ವಂತ ತಂಡದವರಿಗೆ ಬೂ ಅನ್ನುವುದು ನಮಗೆ ವಿಚಿತ್ರವಾಗಿ ಕಾಣುತ್ತದೆ. ಇಲ್ಲಿಯ ಒಪ್ಪಂದಗಳ ಸ್ವರೂಪ ತಿಳಿದರೆ ಅರ್ಧ ಅರ್ಥವಾಗುತ್ತದೆ. ಮೇಜರ್ ಲೀಗ್ ಎಂಬ ಇಲ್ಲಿಯ ಮೇಲ್ಮಟ್ಟದ ಲೀಗಿನಲ್ಲಿ ಒಪ್ಪಂದದ ಹಣ ಖಾತ್ರಿ ಹಣ. ಆಟಗಾರ ಸೊನ್ನೆ ಸುತ್ತಿದರೂ, ತಂಡ ಅವನನ್ನು ಮನೆಗೆ ಕಳಿಸಿದರೂ, ಬರಬೇಕಾದದ್ದು ಬರುತ್ತದೆ. ಟಿಕೆಟ್ ಕೊಂಡವನ ಕೈಯಲ್ಲಿ ಉಳಿಯುವುದು ಗಂಟಲೊಂದೇ. ಅದರ ಜೊತೆಗೆ ಸೀಸನ್ನಿಗೆ 162 ಪಂದ್ಯ, ಅದರಲ್ಲಿ 81 ತವರಿನಲ್ಲಿ. ತಿಂಗಳುಗಟ್ಟಲೆ ದಿನಾ ಮುಖ ನೋಡುವವರ ನಡುವೆ ಸಲಿಗೆ ಬೆಳೆಯುತ್ತದೆ, ಸಲಿಗೆಯ ಜೊತೆಗೆ ಬೈಗುಳವೂ. 2022ರ ಅಕ್ಟೋಬರ್ 4ರಂದು ಯಾಂಕೀಸ್‌ನ ಆರನ್ ಜಡ್ಜ್ ಆ ಸೀಸನ್ನಿನ ತಮ್ಮ 62ನೇ ಹೋಮ್ ರನ್ ಹೊಡೆದು, ಮೇಜರ್ ಲೀಗ್‌ನ ಎರಡು ವಿಭಾಗಗಳಲ್ಲೊಂದಾದ ಅಮೆರಿಕನ್ ಲೀಗ್‌ನ ದಾಖಲೆ ಮುರಿದರು. ಹತ್ತೇ ದಿನದ ನಂತರ ಕ್ಲೀವ್‌ಲ್ಯಾಂಡ್ ವಿರುದ್ಧದ ಪ್ಲೇಆಫ್‌ನಲ್ಲಿ ನಾಲ್ಕು ಸಲ ಸ್ಟ್ರೈಕ್‌ಔಟ್ (ಚೆಂಡನ್ನು ಹೊಡೆಯಲಾಗದೆ ಔಟ್) ಆದರು. ತವರಿನವರೇ ಬೂ ಎಂದರು. ಜಡ್ಜ್ ಅದನ್ನು ದೊಡ್ಡದು ಮಾಡಲಿಲ್ಲ, ವಿಷಯ ಅಲ್ಲಿಗೇ ಮುಗಿಯಿತು.

ದೊಡ್ಡದು ಮಾಡಿದರೆ ಏನಾಗುತ್ತದೆ ಎಂಬುದು ಗೊತ್ತಾದದ್ದು ಹಿಂದಿನ ವರ್ಷ ಮೆಟ್ಸ್‌ನಲ್ಲಿ. 2021ರ ಆಗಸ್ಟ್‌ನಲ್ಲಿ ಹಾವಿಯರ್ ಬಾಯೆಜ್, ಫ್ರಾನ್ಸಿಸ್ಕೋ ಲಿಂಡೋರ್ ಮತ್ತು ಕೆಲವರು ಒಳ್ಳೆಯ ಹೊಡೆತದ ನಂತರ ಹೆಬ್ಬೆರಳನ್ನು ಕೆಳಗೆ ಮಾಡಿ ತೋರಿಸತೊಡಗಿದರು. ಯಾರಿಗೆ ಇದು ಎಂದು ಕೇಳಿದಾಗ ಬಾಯೆಜ್ ಒಪ್ಪಿಕೊಂಡರು: ನಾವು ಸೋತಾಗ ನೀವು ಬೂ ಅನ್ನುತ್ತೀರಿ, ನಾವು ಗೆದ್ದಾಗ ಇದು ನಿಮಗೆ ತಿರುಗಿ ಎಂಬ ಅರ್ಥದಲ್ಲಿ. ಊರೇ ಉರಿದೆದ್ದಿತು, ತಂಡದ ಅಧ್ಯಕ್ಷರು ಹೇಳಿಕೆ ಹೊರಡಿಸಬೇಕಾಯಿತು, ಆಟಗಾರರು ಕ್ಷಮೆ ಕೇಳಿದರು. ಆಗಸ್ಟ್ 31ರಂದು, ಕೊನೆಯ ಇನಿಂಗ್ಸ್‌ನಲ್ಲಿ, ಅದೇ ಬಾಯೆಜ್ ಫಸ್ಟ್ ಬೇಸ್‌ನಿಂದ ಎದ್ದುಬಿದ್ದು ಓಡಿ ಹೋಮ್ ಪ್ಲೇಟ್‌ಗೆ (ಬ್ಯಾಟರ್ ನಿಲ್ಲುವ ಜಾಗ; ಮೂರು ಬೇಸ್ ಸುತ್ತಿ ಅಲ್ಲಿಗೆ ಮರಳಿದರೆ ಒಂದು ರನ್) ಜಾರಿ ಪಂದ್ಯ ಗೆಲ್ಲಿಸಿದರು. ಬೂ ಅಂದವರೇ ಕುಣಿದರು. ಬೂಗೆ ಮೌನ ಒಂದು ಉತ್ತರ, ಓಟ ಇನ್ನೊಂದು. ಮೂರನೆಯದನ್ನು ಗ್ಯಾಲರಿ ಒಪ್ಪುವುದಿಲ್ಲ.

ಬೂ ಅನ್ನುವುದರಲ್ಲಿ ಫಿಲಡೆಲ್ಫಿಯಾಕ್ಕೆ ಹಳೆಯ ಹೆಸರು. 1997ರ ಹೊಸಬರ ಆಯ್ಕೆಯಲ್ಲಿ ಅಲ್ಲಿಯ ಫಿಲೀಸ್ ತಂಡ ಆರಿಸಿದರೂ ಸಹಿ ಹಾಕದೆ ಹೋದ ಜೆ.ಡಿ. ಡ್ರೂ 1999ರ ಆಗಸ್ಟ್‌ನಲ್ಲಿ ಎದುರಾಳಿಯಾಗಿ ಬಂದಾಗ ಟಾರ್ಚಿಗೆ ಹಾಕುವ ಬ್ಯಾಟರಿ ಸೆಲ್‌ಗಳನ್ನೇ ಅವರತ್ತ ಎಸೆದ ಊರು ಅದು. ಅಂಥ ಊರಿನಲ್ಲಿ 2023ರ ಆಗಸ್ಟ್ 4ರಂದು ನಡೆದದ್ದು ನೋಡಿ. 11 ವರ್ಷ, 30 ಕೋಟಿ ಡಾಲರ್ ಒಪ್ಪಂದದ ಮೊದಲ ವರ್ಷದಲ್ಲೇ ಟ್ರೇ ಟರ್ನರ್ ಕುಸಿದುಹೋಗಿದ್ದರು, ಬೂ ದಿನಚರಿಯಾಗಿತ್ತು. ಅಂದು ಮಾತ್ರ ಜನ ತಾವೇ ಮಾತಾಡಿಕೊಂಡು, ಅವರು ಬ್ಯಾಟಿಂಗ್‌ಗೆ ಬಂದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಟರ್ನರ್ ಆಟ ಅಲ್ಲಿಂದ ತಿರುಗಿತು. ಊರಿನ ರಸ್ತೆಗಳಲ್ಲಿ ಅಭಿಮಾನಿಗಳಿಗೆ ಥ್ಯಾಂಕ್ಸ್ ಹೇಳುವ ಫಲಕಗಳನ್ನು ಹಾಕಿಸಿದರು. ಚಪ್ಪಾಳೆಯಿಂದಲೇ ತಿರುಗಿತು ಎಂದು ನಾನು ಹೇಳುವುದಿಲ್ಲ, ಅಂಥ ಆಟಗಾರ ಹೇಗೂ ಲಯಕ್ಕೆ ಬರುತ್ತಾನೆ. ಆದರೆ ಅವರನ್ನು ಬೂ ಅಂದವರೂ ಚಪ್ಪಾಳೆ ತಟ್ಟಿದವರೂ ಒಂದೇ ಜನ.

ಇಷ್ಟು ಕೇಳಿದ ಮೇಲೆ ನಿಮಗೆ ಅನ್ನಿಸಬಹುದು, ಸರಿಯಾಗಿ ಆಡದಿದ್ದರೆ ಬೂ, ಅಷ್ಟೇ ತಾನೇ ಎಂದು. ಅಷ್ಟೇ ಅಲ್ಲ. ಆಡಲಾಗದವನನ್ನು ಕ್ಷಮಿಸುತ್ತಾರೆ, ಓಡದವನನ್ನು ಕ್ಷಮಿಸುವುದಿಲ್ಲ. ಬ್ಯಾಟರ್ ಚೆಂಡನ್ನು ನೆಲಕ್ಕೆ ಹೊಡೆದ ಮೇಲೆ ಫಸ್ಟ್ ಬೇಸ್‌ಗೆ 90 ಅಡಿ. ಸಾಧಾರಣ ಬಲಗೈ ಬ್ಯಾಟರ್ ಮೈಮುರಿದು ಓಡಿದರೆ 4.3 ಸೆಕೆಂಡಿನ ಆಸುಪಾಸು. ಹೆಚ್ಚಿನ ಸಲ ಔಟಾಗುವುದೇ ಎಂದು ಎಲ್ಲರಿಗೂ ಗೊತ್ತು, ಆದರೂ ಓಡಬೇಕು. ಪಿಚರ್‌ನ ಬೆರಳಿನ ಹಿಡಿತ, ಬ್ಯಾಟರ್‌ನ ಲೆಕ್ಕ ಇವೆಲ್ಲ ಮೇಲಿನ ಸೀಟಿನವನಿಗೆ ಕಾಣುವುದಿಲ್ಲ. ಓಡಿದನೋ ನಡೆದನೋ ಎಂಬುದು ಮಾತ್ರ ಕಟ್ಟಕಡೆಯ ಸಾಲಿಗೂ ಕಾಣುತ್ತದೆ. ಅದಕ್ಕೇ ‘ಹಸಲ್’ (ಮೈಬಗ್ಗಿಸಿ ಓಡುವುದು) ಎಂಬ ಮಾತಿಗೆ ಇಲ್ಲಿ ಇಷ್ಟು ಬೆಲೆ.

ಮ್ಯಾನಿ ಮಚಾಡೋ 2018ರ ಅಕ್ಟೋಬರ್‌ನಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ಪರ ಪ್ಲೇಆಫ್ ಆಡುವಾಗ ಒಂದು ನೆಲಚೆಂಡಿಗೆ ಓಡಲಿಲ್ಲ. ಅಷ್ಟಕ್ಕೇ ಮುಗಿಯುತ್ತಿತ್ತೇನೋ, ಆದರೆ ತಾನು ‘ಜಾನಿ ಹಸಲ್’ ಥರದವನಲ್ಲ ಎಂದು ಸಂದರ್ಶನದಲ್ಲಿ ಹೇಳಿಬಿಟ್ಟರು. ಮಿಲ್ವಾಕೀಯಲ್ಲಿ ಅವರು ಚೆಂಡು ಮುಟ್ಟಿದಾಗಲೆಲ್ಲ ಬೂ. ನಾಲ್ಕು ತಿಂಗಳಲ್ಲಿ ಸ್ಯಾನ್ ಡಿಯಾಗೋ 30 ಕೋಟಿ ಡಾಲರ್ ಕೊಟ್ಟು ಕರೆದುಕೊಂಡಿತು. ಮಾತು ಮಾತ್ರ ಬೆನ್ನು ಬಿಡಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರಲ್ಲ, ಹಾಗೆ. ನಿಮ್ಮ ಸೋಟೋ ಕೂಡ ಆ ಯಾಂಕೀ ಸ್ಟೇಡಿಯಂ ಪಂದ್ಯಗಳಾದ ಮರುದಿನವೇ, ಮೇ 19ರಂದು, ಬಾಸ್ಟನ್‌ನಲ್ಲಿ ಹೋಮ್ ರನ್ ಆಯಿತೆಂದುಕೊಂಡು ನೋಡುತ್ತ ನಿಂತರು. ಚೆಂಡು ಎಡಭಾಗದ ಎತ್ತರದ ಗೋಡೆಗೆ ಬಡಿದು ವಾಪಸ್ ಬಂತು. ಎರಡು ಬೇಸ್ ಸಿಗಬೇಕಿದ್ದಲ್ಲಿ ಒಂದೇ ಸಿಕ್ಕಿತು. ಈ ಸಲ ಬೈದವರು ಮೆಟ್ಸ್ ಅಭಿಮಾನಿಗಳು.

ಓಟದ ಬೆವರು ಎಷ್ಟು ಕಲೆ ತೊಳೆಯಬಲ್ಲದು ಎನ್ನುವುದಕ್ಕೆ ಪೀಟ್ ರೋಸ್ ಸಾಕ್ಷಿ. ನಾಲ್ಕು ತಪ್ಪು ಎಸೆತಕ್ಕೆ ಪುಕ್ಕಟೆ ಸಿಗುವ ಫಸ್ಟ್ ಬೇಸ್‌ಗೂ ಓಡಿಯೇ ಹೋಗುತ್ತಿದ್ದ ಮನುಷ್ಯ. 4,256 ಹಿಟ್ (ಬೇಸ್ ಗಿಟ್ಟಿಸುವ ಹೊಡೆತ), ಇಂದಿಗೂ ದಾಖಲೆ. ಸಿನ್ಸಿನಾಟಿ ರೆಡ್ಸ್ ಮ್ಯಾನೇಜರ್ ಆಗಿದ್ದಾಗ ತಮ್ಮ ತಂಡದ ಪಂದ್ಯಗಳ ಮೇಲೇ ಬಾಜಿ ಕಟ್ಟಿದ್ದಕ್ಕೆ 1989ರ ಆಗಸ್ಟ್ 24ರಂದು ಶಾಶ್ವತ ನಿಷೇಧವಾಯಿತು. ಅದು ಆಟದ ಮಹಾಪರಾಧ. ಅದನ್ನು ನಿಷೇಧಿಸುವ 21ನೇ ನಿಯಮವನ್ನು ಪ್ರತಿ ತಂಡದ ಕೋಣೆಯಲ್ಲೂ ಗೋಡೆಗೆ ಅಂಟಿಸಿರುತ್ತಾರೆ. 2004ರವರೆಗೆ ರೋಸ್ ಅಲ್ಲಗಳೆಯುತ್ತಲೇ ಬಂದರು. ಅಪ್ರಾಪ್ತ ಹುಡುಗಿಯೊಂದಿಗಿನ ಸಂಬಂಧದ ಆರೋಪ 2017ರಲ್ಲಿ ಕೋರ್ಟ್ ಕಾಗದಗಳಲ್ಲಿ ಬಂತು. ಇಷ್ಟಾದರೂ 2022ರಲ್ಲಿ ಫಿಲಡೆಲ್ಫಿಯಾದ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸಿನ್ಸಿನಾಟಿಯ ಸ್ಟೇಡಿಯಂ ಹೊರಗೆ ಅವರ ಪ್ರತಿಮೆಯಿದೆ. 2024ರಲ್ಲಿ ತೀರಿಕೊಂಡರು, 2025ರ ಮೇ ತಿಂಗಳಲ್ಲಿ ನಿಷೇಧವೂ ತೆರವಾಯಿತು.

ಇನ್ನು ಬ್ಯಾಟ್ ಎಸೆಯುವ ಜಗಳ. ಹೋಮ್ ರನ್ ಹೊಡೆದ ಮೇಲೆ ತಲೆ ತಗ್ಗಿಸಿ ಓಡಬೇಕು, ಬ್ಯಾಟನ್ನು ಗಾಳಿಗೆ ತೂರಬಾರದು, ದೊಡ್ಡ ಮುನ್ನಡೆಯಲ್ಲಿರುವಾಗ ಸುಲಭದ ಎಸೆತಕ್ಕೆ ಬ್ಯಾಟ್ ಬೀಸಬಾರದು. ಇವೆಲ್ಲ ಯಾವ ಪುಸ್ತಕದಲ್ಲೂ ಬರೆದಿಲ್ಲದ ಕಟ್ಟಳೆಗಳು. ಮುರಿದರೆ ಮುಂದಿನ ಎಸೆತ ಮೈಗೆ ಬೀಳುತ್ತದೆ. ಟೊರಾಂಟೋದ ಹೋಸೆ ಬಟಿಸ್ಟಾ 2015ರ ಅಕ್ಟೋಬರ್ 14ರಂದು ಟೆಕ್ಸಸ್ ವಿರುದ್ಧ ಪಂದ್ಯ ತಿರುಗಿಸಿದ ಹೋಮ್ ರನ್ ಹೊಡೆದು, ಪಿಚರ್‌ನತ್ತ ದಿಟ್ಟಿಸಿ, ಬ್ಯಾಟನ್ನು ಬದಿಗೆ ತೂರಿದರು. ಟೆಕ್ಸಸ್ ಏಳು ತಿಂಗಳು ಕಾಯಿತು. 2016ರ ಮೇ 15ರಂದು ಮೊದಲು ಚೆಂಡು ಮೈಗೆ ಬಿತ್ತು, ಅದೇ ಓಟದಲ್ಲಿ ಬಟಿಸ್ಟಾ ಸೆಕೆಂಡ್ ಬೇಸ್‌ಗೆ ಒರಟಾಗಿ ಜಾರಿದರು, ರುಗ್ನೆಡ್ ಓಡೋರ್ ಅವರ ದವಡೆಗೆ ಗುದ್ದಿದರು. 2020ರ ಆಗಸ್ಟ್ 17ರಂದು ಸ್ಯಾನ್ ಡಿಯಾಗೋದ ಫರ್ನಾಂಡೋ ಟಾಟೀಸ್ ಜೂನಿಯರ್, ತಂಡ 10-3ರಲ್ಲಿ ಮುಂದಿದ್ದಾಗ, ಮೂರು ತಪ್ಪು ಎಸೆತವಾಗಿ ಒಂದೂ ಸ್ಟ್ರೈಕ್ ಆಗದ, ಪಿಚರ್ ಸುಲಭದ ಎಸೆತ ಹಾಕುವ ಹಂತದಲ್ಲಿ ಬೀಸಿ ಗ್ರ್ಯಾಂಡ್ ಸ್ಲ್ಯಾಮ್ (ನಾಲ್ಕು ರನ್ನಿನ ಹೋಮ್ ರನ್) ಹೊಡೆದರು. ಆಗಲೂ ಎದುರಾಳಿ ಟೆಕ್ಸಸ್ಸೇ. ಮುಂದಿನ ಎಸೆತ ಹೋದದ್ದು ಆಗಷ್ಟೇ ಬ್ಯಾಟ್ ಹಿಡಿದು ಬಂದ ಮಚಾಡೋ ಬೆನ್ನ ಹಿಂದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಕೋವಿಡ್ ಕಾರಣ ಅಂದು ಗ್ಯಾಲರಿ ಖಾಲಿ, ಆದರೆ ಮನೆಯಲ್ಲಿ ಕೂತವರಲ್ಲಿ ಬಹಳ ಜನ ಟಾಟೀಸ್ ಪರ ನಿಂತರು. ಈ ಜಗಳದಲ್ಲಿ ಹಳಬರು ಸೋತಾಯಿತು ಎಂದೇ ನನ್ನ ಲೆಕ್ಕ. ದಕ್ಷಿಣ ಕೊರಿಯಾದಲ್ಲಿ ಬ್ಯಾಟ್ ತೂರುವುದು ಎಂದೂ ಅವಮಾನವಾಗಿರಲಿಲ್ಲ, ಪ್ರೇಕ್ಷಕರು ಅದನ್ನು ಕಾದು ನೋಡುತ್ತಾರೆ.

ಮೋಸದ ವಿಷಯಕ್ಕೆ ಬರೋಣ. ಗ್ಯಾಲರಿಯ ನ್ಯಾಯ ಎಲ್ಲಕ್ಕಿಂತ ಸೊಟ್ಟಗಿರುವುದು ಇಲ್ಲಿ.

ಬ್ಯಾರಿ ಬಾಂಡ್ಸ್ 2007ರ ಆಗಸ್ಟ್ 7ರಂದು 756ನೇ ಹೋಮ್ ರನ್ ಹೊಡೆದು ಹ್ಯಾಂಕ್ ಆರನ್ ದಾಖಲೆ ದಾಟಿದಾಗ ಸ್ಯಾನ್ ಫ್ರಾನ್ಸಿಸ್ಕೋ ಹುಚ್ಚೆದ್ದು ಕುಣಿಯಿತು. ಉಳಿದ ಊರುಗಳಲ್ಲಿ ಅವರ ಮೇಲಿದ್ದ ಸ್ಟೀರಾಯ್ಡ್ ಆರೋಪ ನೆನಪಿಸುವ ನಕ್ಷತ್ರ ಚಿಹ್ನೆಯ ಫಲಕ ಹಿಡಿಯುತ್ತಿದ್ದರು. ಸ್ಯಾನ್ ಡಿಯಾಗೋದಲ್ಲಿ 2006ರಲ್ಲಿ ಆಟಿಕೆ ಸಿರಿಂಜ್ ಎಸೆದಿದ್ದರು. ಆ 756ನೇ ಚೆಂಡನ್ನು ಕೊಂಡ ಉದ್ಯಮಿ ಜನರಿಂದ ಮತ ಹಾಕಿಸಿ, ಅದರ ಮೇಲೆ ನಕ್ಷತ್ರ ಚಿಹ್ನೆ ಕೊರೆಸಿಯೇ ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್‌ಗೆ (ದಿಗ್ಗಜರನ್ನು ಗೌರವಿಸುವ ಸಂಗ್ರಹಾಲಯ) ಕಳಿಸಿದ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಚಿತ್ರ ನನಗೆ ಗೊತ್ತಿಲ್ಲ. ಮಿಲ್ವಾಕೀಯ ರಯನ್ ಬ್ರಾನ್ ವಿಷಯವೂ ಹಾಗೆಯೇ. ಮೊದಲು ಉದ್ದೀಪನ ಮದ್ದಿನ ಆರೋಪವನ್ನೆಲ್ಲ ನಿರಾಕರಿಸಿ, 2013ರಲ್ಲಿ 65 ಪಂದ್ಯ ನಿಷೇಧ ಅನುಭವಿಸಿ, 2014ರಲ್ಲಿ ಮರಳಿದಾಗ ತವರಿನವರು ಎದ್ದು ನಿಂತು ಸ್ವಾಗತಿಸಿದರು. ಕೆಲವೇ ದಿನದಲ್ಲಿ ಫಿಲಡೆಲ್ಫಿಯಾಕ್ಕೆ ಹೋದರೆ ಕಿವಿ ಕಿತ್ತುಹೋಗುವಷ್ಟು ಬೂ. ಅವರು ಅಂದು ಮೂರು ಹೋಮ್ ರನ್ ಹೊಡೆದರು.

ಬರೀ ಅಂಗಿಯ ಬಣ್ಣವೂ ಅಲ್ಲ, ಸ್ವಭಾವವೂ ಲೆಕ್ಕಕ್ಕೆ ಬರುತ್ತದೆ. 2022ರ ಜನವರಿಯಲ್ಲಿ ಹಾಲ್ ಆಫ್ ಫೇಮ್ ಮತದಾನ ನಡೆದಾಗ ಬೇಕಿದ್ದದ್ದು ಶೇ 75. ಹತ್ತನೇ ಮತ್ತು ಕೊನೆಯ ಅವಕಾಶದಲ್ಲಿ ಬಾಂಡ್ಸ್‌ಗೆ ಸಿಕ್ಕಿದ್ದು ಶೇ 66. ಮೊದಲ ಯತ್ನದಲ್ಲೇ ಬಾಸ್ಟನ್‌ನ ಡೇವಿಡ್ ಓರ್ಟಿಜ್ ಶೇ 77.9 ಪಡೆದು ಒಳಗೆ ಹೋದರು. ಉದ್ದೀಪನ ಮದ್ದಿಗಾಗಿ ನಡೆದ 2003ರ ಗುಟ್ಟಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರ ಪಟ್ಟಿಯಲ್ಲಿ ಓರ್ಟಿಜ್ ಹೆಸರೂ ಇತ್ತೆಂದು 2009ರಲ್ಲಿ ವರದಿಯಾಗಿತ್ತು. ಅವರು ಅಲ್ಲಗಳೆದರು, ಆ ಪರೀಕ್ಷೆಯ ಫಲಿತಾಂಶಗಳು ನಂಬಲರ್ಹವಲ್ಲದಿರಬಹುದು ಎಂದು ಲೀಗ್ ಮುಖ್ಯಸ್ಥರೂ ಹೇಳಿದ್ದರು. ಇಬ್ಬರ ಮೇಲಿನ ಸಾಕ್ಷ್ಯ ಒಂದೇ ತೂಕದ್ದಲ್ಲ, ಒಪ್ಪಿದೆ. ಆದರೆ ಮತ ಹಾಕುವವರು ಪತ್ರಕರ್ತರು; ಅವರ ಮೇಲೆ ಜೀವಮಾನವಿಡೀ ಸಿಡುಕಿದವರು ಬಾಂಡ್ಸ್, ತೋಳು ಚಾಚಿ ಅಪ್ಪಿಕೊಂಡವರು ಓರ್ಟಿಜ್. ಇದಕ್ಕೂ ಮತಕ್ಕೂ ಸಂಬಂಧವೇ ಇಲ್ಲ ಎಂದರೆ ನಾನಂತೂ ನಂಬುವುದಿಲ್ಲ.

ಈಗ ನಿಮ್ಮ ಮಗನ ಅಲ್ಟೂವೆ. 2017ರಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ಮಾಡಿದ್ದೇನೆಂದರೆ: ಆಗ ಕ್ಯಾಚರ್ ಬೆರಳು ತೋರಿಸಿ ಪಿಚರ್‌ಗೆ ಯಾವ ಎಸೆತ ಬೇಕೆಂದು ಸನ್ನೆ ಮಾಡುತ್ತಿದ್ದ. ಸೆಕೆಂಡ್ ಬೇಸ್‌ನಲ್ಲಿ ನಿಂತ ಓಟಗಾರ ಅದನ್ನು ಬರಿಗಣ್ಣಲ್ಲಿ ಕದ್ದರೆ ಅದು ಜಾಣತನ, ಯಾರೂ ಕೇಳುವುದಿಲ್ಲ. ಆಸ್ಟ್ರೋಸ್ ಸೆಂಟರ್ ಫೀಲ್ಡ್ ಕ್ಯಾಮೆರಾದ ಚಿತ್ರವನ್ನು ಡಗ್‌ಔಟ್ ಹಿಂದಿನ ಓಣಿಯ ಪರದೆಗೆ ತಂದು, ಸನ್ನೆ ಓದಿ, ಪಕ್ಕದ ಕಸದ ಡಬ್ಬಿಯನ್ನು ಬ್ಯಾಟಿನಿಂದಲೋ ಮಸಾಜ್ ಗನ್‌ನಿಂದಲೋ ಬಡಿಯುತ್ತಿದ್ದರು. ಒಂದೋ ಎರಡೋ ಬಡಿತ ಬಿದ್ದರೆ ನಿಧಾನದ ಎಸೆತ, ಸದ್ದಿಲ್ಲದಿದ್ದರೆ ಫಾಸ್ಟ್‌ಬಾಲ್. ವೇಗದ ಚೆಂಡು ಬ್ಯಾಟರ್‌ನನ್ನು ತಲುಪಲು ಸುಮಾರು 0.4 ಸೆಕೆಂಡ್. ಬರುವುದು ಏನೆಂದು ಮೊದಲೇ ತಿಳಿದರೆ ಪ್ರಶ್ನೆಪತ್ರಿಕೆ ಸೋರಿದ ಹಾಗೆ. ಆ ವರ್ಷ ಅವರು ಪ್ಲೇಆಫ್‌ನಲ್ಲಿ ಯಾಂಕೀಸ್‌ರನ್ನು 4-3ರಿಂದ ಸೋಲಿಸಿ, ಮುಂದೆ ವರ್ಲ್ಡ್ ಸೀರೀಸನ್ನೂ ಗೆದ್ದರು.

2019ರ ನವೆಂಬರ್‌ನಲ್ಲಿ ವಿಷಯ ಹೊರಬಿತ್ತು. 2020ರ ಜನವರಿ 13ರಂದು ಲೀಗ್ ಮುಖ್ಯಸ್ಥ ರಾಬ್ ಮ್ಯಾನ್‌ಫ್ರೆಡ್ ತಂಡಕ್ಕೆ 50 ಲಕ್ಷ ಡಾಲರ್ ದಂಡ ಹಾಕಿದರು, ಎರಡು ವರ್ಷದ ಮೊದಲೆರಡು ಸುತ್ತಿನ ಹೊಸಬರ ಆಯ್ಕೆ ಹಕ್ಕು ಕಸಿದರು. ಜನರಲ್ ಮ್ಯಾನೇಜರ್, ಮ್ಯಾನೇಜರ್ ಇಬ್ಬರಿಗೂ ವರ್ಷದ ನಿಷೇಧ. ಆಟಗಾರರಿಗೆ ಏನೂ ಇಲ್ಲ, ಏಕೆಂದರೆ ನಿಜ ಹೇಳಿದರೆ ಶಿಕ್ಷೆಯಿಲ್ಲ ಎಂಬ ಭರವಸೆ ಕೊಟ್ಟೇ ತನಿಖೆ ನಡೆಸಿದ್ದರು. ಆ ಖಾಲಿ ಬಿಟ್ಟ ಜಾಗವನ್ನು ಗ್ಯಾಲರಿ ತುಂಬಿತು. ಕೋವಿಡ್‌ನಿಂದ ಒಂದು ವರ್ಷ ಬಾಕಿಯೂ ಉಳಿದಿತ್ತು. 2021ರ ಏಪ್ರಿಲ್‌ನಲ್ಲಿ ಆನಹೈಮ್‌ನಲ್ಲಿ ಗಾಳಿ ತುಂಬಿದ ಕಸದ ಡಬ್ಬಿಯನ್ನು ಮೈದಾನಕ್ಕೆ ಎಸೆದರು, ಮೇ ತಿಂಗಳಲ್ಲಿ ಯಾಂಕೀ ಸ್ಟೇಡಿಯಂನಲ್ಲಿ ಅಲ್ಟೂವೆಗೆ ಬಿದ್ದ ಬೂ ಇಂದಿಗೂ ಮಾತಾಗುತ್ತದೆ. ಆಸ್ಟ್ರೋಸ್ ಊರಲ್ಲೇ ಇಲ್ಲದ ದಿನವೂ ಬ್ಲೀಚರ್‌ಗಳಲ್ಲಿ ಅವರ ಹೆಸರಿನ ಬೈಗುಳ ಏಳುವುದು ಆಗಿನಿಂದ.

ವಿಪರ್ಯಾಸವೆಂದರೆ, ಆ ತಂಡದಲ್ಲಿ ಕಸದ ಡಬ್ಬಿಯ ಸಹಾಯ ಅತಿ ಕಡಿಮೆ ಪಡೆದವರಲ್ಲಿ ಅಲ್ಟೂವೆ ಒಬ್ಬರು. ಹ್ಯೂಸ್ಟನ್‌ನ ಅಭಿಮಾನಿಯೊಬ್ಬರು 2017ರ ತವರು ಪಂದ್ಯಗಳ ವಿಡಿಯೊ ಕೇಳಿ, ಎಂಟು ಸಾವಿರಕ್ಕೂ ಹೆಚ್ಚು ಎಸೆತಗಳಲ್ಲಿ 1,143 ಬಡಿತ ಗುರುತಿಸಿದರು. ಅದರಲ್ಲಿ ಅಲ್ಟೂವೆ ಬ್ಯಾಟ್ ಮಾಡುವಾಗಿನವು 24. ಹಾಗಿದ್ದರೂ ಮುಖ ಅವರದೇ ಆಯಿತು. ಆ ವರ್ಷದ ಅತ್ಯುತ್ತಮ ಆಟಗಾರ ಪ್ರಶಸ್ತಿ ಅವರಿಗೆ ಹೋಗಿ ಜಡ್ಜ್ ಎರಡನೆಯವರಾದದ್ದು ಒಂದು ಕಾರಣ. 2019ರ ಅಕ್ಟೋಬರ್ 19ರಂದು ಯಾಂಕೀಸ್‌ನ ಅರೋಲ್ಡಿಸ್ ಚಾಪ್‌ಮನ್ ಎಸೆತಕ್ಕೆ ಸರಣಿ ಮುಗಿಸುವ ಹೋಮ್ ರನ್ ಹೊಡೆದು, ಅಂಗಿ ಹರಿಯಬೇಡಿ ಎಂಬಂತೆ ಎದೆಯ ಬಳಿ ಹಿಡಿದುಕೊಂಡು ಬಂದದ್ದು ಇನ್ನೊಂದು. ಒಳಗೆ ಎಸೆತದ ಸುಳಿವು ಕೊಡುವ ಕಂಪಿಸುವ ಯಂತ್ರವಿತ್ತು ಎಂಬ ಗುಲ್ಲೆದ್ದಿತು. ಅದಕ್ಕೆ ಯಾವ ಸಾಕ್ಷ್ಯವೂ ಸಿಗಲಿಲ್ಲ ಎಂದು ಲೀಗ್ ಹೇಳಿತು. ಕೇಳುವವರು ಯಾರು? ಹಾಗೆಂದು ಅವರು ಪೂರಾ ನಿರಪರಾಧಿ ಎಂದೂ ಅಲ್ಲ. ಸುಮ್ಮನಿದ್ದರು, ಗೆದ್ದವರ ಉಂಗುರ ಹಾಕಿಕೊಂಡರು.

ಅದೇ ಚಾಪ್‌ಮನ್ ವಿಷಯಕ್ಕೆ ಬಂದರೆ ಗ್ಯಾಲರಿಯ ನ್ಯಾಯದ ಬಗ್ಗೆ ನನ್ನ ತಕರಾರು ಶುರುವಾಗುತ್ತದೆ. 2015ರಲ್ಲಿ ಲೀಗ್ ಮತ್ತು ಆಟಗಾರರ ಸಂಘ ಕೌಟುಂಬಿಕ ಹಿಂಸೆಯ ವಿರುದ್ಧ ಜಂಟಿ ನೀತಿ ತಂದವು. ಅದರಡಿ ಮೊದಲ ಶಿಕ್ಷೆ 2016ರಲ್ಲಿ ಚಾಪ್‌ಮನ್‌ಗೆ, 30 ಪಂದ್ಯ. ಪೊಲೀಸ್ ಪ್ರಕರಣ ದಾಖಲಾಗಿರಲಿಲ್ಲ. ಆ ಜುಲೈನಲ್ಲಿ ಅವರು ಶಿಕಾಗೋ ಕಬ್ಸ್‌ಗೆ ಬಂದರು, 1908ರ ನಂತರ ಮೊದಲ ಸಲ ಕಬ್ಸ್ ವರ್ಲ್ಡ್ ಸೀರೀಸ್ ಗೆದ್ದರು. ಬೂ ಎಲ್ಲೋ ಅಷ್ಟಿಷ್ಟು. ಕಸದ ಡಬ್ಬಿ ಬಡಿದವರಿಗೆ ವರ್ಷಗಟ್ಟಲೆ ಬೈಗುಳ, ಇದಕ್ಕೆ ಒಂದು ತಿಂಗಳ ಮುಜುಗರ. ಡಬ್ಬಿಯ ಸದ್ದು ಎದುರು ತಂಡದ ಅಭಿಮಾನಿಯ ಜೇಬಿಗೆ, ನೆನಪಿಗೆ ಬಿದ್ದ ಪೆಟ್ಟು. ಮನೆಯೊಳಗಿನ ಹಿಂಸೆ ಇನ್ನಾರಿಗೋ ಬಿದ್ದ ಪೆಟ್ಟು. ಗ್ಯಾಲರಿ ತನ್ನ ಗಾಯವನ್ನೇ ಮುಟ್ಟಿ ನೋಡಿಕೊಳ್ಳುತ್ತದೆ. ಎಲ್ಲರೂ ಹಾಗಿರಲಿಲ್ಲ ಎನ್ನುವುದನ್ನೂ ಹೇಳಬೇಕು. ಚಾಪ್‌ಮನ್ ಪಂದ್ಯ ಉಳಿಸಿಕೊಟ್ಟಾಗಲೆಲ್ಲ ಹಿಂಸೆಗೊಳಗಾದವರಿಗೆ ನೆರವಾಗುವ ಸಂಸ್ಥೆಗೆ 10 ಡಾಲರ್ ಕೊಡುತ್ತೇನೆಂದು ಒಬ್ಬ ಕಬ್ಸ್ ಅಭಿಮಾನಿ ಶುರು ಮಾಡಿದರು, ಹಲವರು ಕೈಜೋಡಿಸಿದರು. ತಂಡವನ್ನು ಬಿಡಲಾಗದ, ಕಣ್ಣನ್ನೂ ಮುಚ್ಚಿಕೊಳ್ಳಲಾಗದ ಅಭಿಮಾನಿಗೆ ಇದಕ್ಕಿಂತ ಮರ್ಯಾದೆಯ ದಾರಿ ನನಗೆ ಹೊಳೆಯುವುದಿಲ್ಲ.

ಬೂ ಎಲ್ಲಿಗೆ ನಿಲ್ಲಬೇಕು ಎಂಬ ಗೆರೆ ಈಗ ಮೊದಲಿಗಿಂತ ಸ್ಪಷ್ಟ. 1912ರಲ್ಲಿ ನ್ಯೂಯಾರ್ಕ್‌ನಲ್ಲಿ ಟೈ ಕಾಬ್ ಗ್ಯಾಲರಿಗೆ ಹಾರಿ, ಕೈಬೆರಳುಗಳನ್ನು ಕಳೆದುಕೊಂಡಿದ್ದ ಪ್ರೇಕ್ಷಕನನ್ನು ಹೊಡೆದರು. ಅವರಿಗೆ ನಿಷೇಧವಾದಾಗ ತಂಡದವರು ಮುಷ್ಕರ ಹೂಡಿದರು, ಬದಲಿಯವರನ್ನು ಇಳಿಸಿ ಡೆಟ್ರಾಯಿಟ್ 24-2ರಿಂದ ಸೋತಿತು. ಈಗ ಹೊರಹೋಗುವವನು ಪ್ರೇಕ್ಷಕ. 2025ರ ಜೂನ್‌ನಲ್ಲಿ ಶಿಕಾಗೋದಲ್ಲಿ 22 ವರ್ಷದವನೊಬ್ಬ ಅರಿಜೋನಾದ ಕೆಟೆಲ್ ಮಾರ್ಟೆಗೆ, ಅಪಘಾತದಲ್ಲಿ ತೀರಿಹೋದ ಅವರ ತಾಯಿಯ ಬಗ್ಗೆ ಕೂಗಿದ. ಮಾರ್ಟೆ ಮೈದಾನದಲ್ಲೇ ಅತ್ತರು, ಕೂಗಿದವನಿಗೆ ಲೀಗ್‌ನ ಎಲ್ಲ ಸ್ಟೇಡಿಯಂಗಳಿಗೂ ಅನಿರ್ದಿಷ್ಟ ನಿಷೇಧ. 2017ರ ಮೇ 1ರಂದು ಬಾಸ್ಟನ್‌ನಲ್ಲಿ ಬಾಲ್ಟಿಮೋರ್‌ನ ಆಡಮ್ ಜೋನ್ಸ್‌ಗೆ ಜನಾಂಗೀಯ ಬೈಗುಳ ಬಿತ್ತು, ಕಡಲೆಕಾಯಿ ಪೊಟ್ಟಣ ಎಸೆದರು. ಮರುದಿನ ಅವರು ಬ್ಯಾಟ್ ಹಿಡಿದು ಬಂದಾಗ ಅದೇ ಗ್ಯಾಲರಿ ಎದ್ದು ನಿಂತಿತು. ಬಾಸ್ಟನ್‌ನ ಪಿಚರ್ ಕ್ರಿಸ್ ಸೇಲ್, ಚಪ್ಪಾಳೆ ಮುಗಿಯಲಿ ಎಂದು ಎಸೆಯದೆ ದಿಬ್ಬದಿಂದ ಹಿಂದೆ ಸರಿದು ನಿಂತರು.

ಈಚಿನ ಹೊಸ ರೋಗ ಬಾಜಿ. 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇಲ್ಲಿಯ ರಾಜ್ಯಗಳಿಗೆ ದಾರಿ ಬಿಟ್ಟ ಮೇಲೆ ಫೋನಿನಲ್ಲೇ ಹಣ ಕಟ್ಟುವವರು ಹೆಚ್ಚಿದರು. 2025ರ ಮೇ ತಿಂಗಳಲ್ಲಿ ಹ್ಯೂಸ್ಟನ್‌ನ ಲ್ಯಾನ್ಸ್ ಮಕ್ಯುಲರ್ಸ್ ಒಂದು ಇನಿಂಗ್ಸ್ ಹಾಳು ಮಾಡಿಕೊಂಡಿದ್ದಕ್ಕೆ ಅವರ ಮಕ್ಕಳನ್ನು ಕೊಲ್ಲುವ ಬೆದರಿಕೆ ಬಂತು; ಪೊಲೀಸರು ಹುಡುಕಿದರೆ, ಕಳಿಸಿದವನು ಹಣ ಸೋತು ಕುಡಿದಿದ್ದ ಹೊರದೇಶದವನು. ಅವನನ್ನು ಅಭಿಮಾನಿ ಎಂದು ಕರೆಯುವುದೇ ತಪ್ಪು.

ಈಗ ನಿಮ್ಮ ಮಗನ ವಿಚಾರ. 203ರ ಸುತ್ತಮುತ್ತಲಿನ ಬ್ಲೀಚರ್ ಬೇಡ. ಟಿಕೆಟ್ ಅಗ್ಗವೆಂದು ಆಸೆ ಪಡಬೇಡಿ, ಅಲ್ಲಿಯ ಭಾಷೆ ಹತ್ತು ವರ್ಷದವನಿಗಲ್ಲ. ಫಸ್ಟ್ ಅಥವಾ ಥರ್ಡ್ ಬೇಸ್ ಬದಿಯಲ್ಲಿ, ರಕ್ಷಣಾ ಬಲೆಯ ಹಿಂದೆ ತೆಗೆದುಕೊಳ್ಳಿ. ಬಲೆಯಿಲ್ಲದ ಕಡೆ ಫೌಲ್ ಚೆಂಡು (ಆಟದ ಗೆರೆಯಾಚೆ ಸಿಡಿದದ್ದು) ಗಂಟೆಗೆ 100 ಮೈಲಿಗೂ ಮೀರಿ ಬರಬಲ್ಲದು. ಅಲ್ಲಿ ಮಗುವಿನ ಕೈಗೆ ಫೋನ್ ಕೊಟ್ಟು ಕೂರಿಸಬೇಡಿ. ಪಂದ್ಯದ ಟಿಕೆಟ್ ಆಸ್ಟ್ರೋಸ್ ಬರುವ ವಾರದ್ದೇ ಆದರೆ ಹಗಲು ಪಂದ್ಯ ನೋಡಿ, ಕುಡಿತ ಕಡಿಮೆ. ಅಂಗಿ ನೋಡಿ ಸುತ್ತಲಿನವರು ‘ಕಸದ ಡಬ್ಬಿ’ ಎಂದು ಕಿಚಾಯಿಸಿಯೇ ತೀರುತ್ತಾರೆ. ಅಷ್ಟು ಲೆಕ್ಕಕ್ಕಿಲ್ಲ, ನಕ್ಕುಬಿಡಿ. ಅಪ್ಪ-ಅಮ್ಮ, ಬಣ್ಣ, ದೇಶ ಎತ್ತಿದರೆ ಮಾತ್ರ ವಾದಕ್ಕಿಳಿಯದೆ ಹತ್ತಿರದ ಸಿಬ್ಬಂದಿಗೆ ಹೇಳಿ. ದೂರು ಕಳಿಸಲು ಮೆಸೇಜ್ ನಂಬರ್ ಇರುತ್ತದೆ, ಹೋದ ಕೂಡಲೇ ಕೇಳಿ ಬರೆದಿಟ್ಟುಕೊಳ್ಳಿ. ಕಳಿಸುವಾಗ ಸೆಕ್ಷನ್, ಸಾಲು, ಸೀಟು ಮೂರೂ ಹಾಕಿ.

ಚೆಂಡು ಮಗನ ಕೈಗೇ ಬಂದರೆ? ಗೋಡೆಯಾಚೆ ಕೈ ಚಾಚಬಾರದು, ಆಟಗಾರನ ಗ್ಲವ್ ಮುಟ್ಟಲೇಬಾರದು. 2024ರ ವರ್ಲ್ಡ್ ಸೀರೀಸ್‌ನಲ್ಲಿ ಇದೇ ಸ್ಟೇಡಿಯಂನಲ್ಲಿ ಡಾಡ್ಜರ್ಸ್‌ನ ಮೂಕಿ ಬೆಟ್ಸ್ ಗ್ಲವ್‌ನಿಂದ ಚೆಂಡು ಕಿತ್ತ ಇಬ್ಬರಿಗೆ ಎಲ್ಲ ಸ್ಟೇಡಿಯಂಗಳ ಬಾಗಿಲೂ ಮುಚ್ಚಿತು. ಎದುರಾಳಿಯ ಹೋಮ್ ರನ್ ಚೆಂಡಾದರೆ ‘ವಾಪಸ್ ಎಸೆ’ ಎಂದು ಸುತ್ತಲೂ ಕೂಗು ಏಳುತ್ತದೆ. ಶಿಕಾಗೋದ ರಿಗ್ಲಿ ಫೀಲ್ಡ್‌ನಿಂದ ಹಬ್ಬಿದ ಸಂಪ್ರದಾಯ ಅದು. ಎಸೆಯಬೇಕಾಗಿಲ್ಲ. 2021ರ ಜುಲೈನಲ್ಲಿ ಇದೇ ಮೈದಾನದಲ್ಲಿ ಎಸೆದ ಚೆಂಡು ಬಾಸ್ಟನ್‌ನ ಅಲೆಕ್ಸ್ ವರ್ಡೂಗೋ ಬೆನ್ನಿಗೆ ತಾಗಿ, ಎಸೆದವನಿಗೆ ಆಜೀವ ನಿಷೇಧವಾಯಿತು. ಹಳಬರು ಜೇಬಿನಲ್ಲಿ ಇನ್ನೊಂದು ಹಳೆಯ ಚೆಂಡು ಇಟ್ಟುಕೊಂಡು ಅದನ್ನು ಎಸೆದು ಅಸಲಿಯನ್ನು ಉಳಿಸಿಕೊಳ್ಳುವ ಕಳ್ಳದಾರಿ ಹಿಡಿಯುತ್ತಾರೆ. ನೀವು ಅದನ್ನೂ ಮಾಡಬೇಡಿ. ಚೆಂಡನ್ನು ಬ್ಯಾಗಿಗೆ ಹಾಕಿ ಝಿಪ್ ಎಳೆಯಿರಿ. ಅದು ಅಲ್ಟೂವೆ ಹೊಡೆದದ್ದೇ ಆಗಿದ್ದರೆ, ಐದಡಿ ಆರಿಂಚಿನ ಆ ಮನುಷ್ಯ ಬೇಸ್‌ಗಳನ್ನು ಸುತ್ತಿ ಬರುವಾಗ ಇಡೀ ಸ್ಟೇಡಿಯಂ ಬೂ ಎನ್ನುತ್ತಿರುತ್ತದೆ. ನಿಮ್ಮ ಮಗ ಎದ್ದು ನಿಂತು ಚಪ್ಪಾಳೆ ತಟ್ಟಲಿ. ಹತ್ತು ವರ್ಷದವನನ್ನು ಯಾಂಕೀಸ್ ಅಭಿಮಾನಿಗಳೂ ಬೈಯುವುದಿಲ್ಲ.